ಬೀಗದ ಕೈ ಯಾರಲ್ಲಿ?

(ನಿಟ್ಟೂರಿನ ಸಭೆಯಲ್ಲಿ ಮಾಡಿದ ಭಾಷಣ)



ಒಬ್ಬನಿಗೆ ತಲೆ ಕೆಟ್ಟಿದೆಯೆಂದು ಊರು ಹೇಳತೊಡಗಿದರೆ ಆಮೇಲೆ ಅವನ ಮಾತಿಗೆ ಬೆಲೆಯಿಲ್ಲ. ಪಾಲು ಪಂಚಾಯಿತಿಯಲ್ಲಿ ಅವನ ಹೆಸರು ಬಿಟ್ಟುಹೋಗುತ್ತದೆ. ಗಿರಣಿಯಲ್ಲಿ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಇಂಥವನನ್ನು ಒಲ್ಲೆನೆಂದರೂ ಆಸ್ಪತ್ರೆಯಲ್ಲಿಡುವ ಅಧಿಕಾರ ಯಾರದು, ಎಷ್ಟು ದಿನದ್ದು ಎಂಬುದು ಬರೀ ವಕೀಲರ ಪ್ರಶ್ನೆಯಲ್ಲ.

ಬ್ರಿಟಿಷರು 1912ರಲ್ಲಿ ಮಾಡಿದ್ದು ಹುಚ್ಚರ ಕಾಯಿದೆ. ನೆಂಟರ ಅರ್ಜಿ, ಇಬ್ಬರು ವೈದ್ಯರ ಸರ್ಟಿಫಿಕೇಟು, ಮ್ಯಾಜಿಸ್ಟ್ರೇಟರ ಆಜ್ಞೆ, ಗೇಟು ಮುಚ್ಚಿತು. ಸ್ವಾತಂತ್ರ್ಯ ಬಂದ ಮೇಲೂ ನಾಲ್ಕು ದಶಕ ಅದನ್ನೇ ಹೊತ್ತೆವು. 1987ರ ಕಾಯಿದೆ ಜಾರಿಗೆ ಬಂದದ್ದು 1993ರಲ್ಲಿ. ರೋಗಿಯ ಹಿತಕ್ಕೆ ಬೇಕೆಂದು ನೆಂಟರು ಅರ್ಜಿ ಕೊಟ್ಟು, ಆಸ್ಪತ್ರೆಯ ಅಧಿಕಾರಿ ಒಪ್ಪಿದರೆ 90 ದಿನ ಒಳಗಿಡಬಹುದಿತ್ತು. ಹಿತ! ಪಾಲು ನುಂಗುವ ದಾಯಾದಿಯೂ ಹಿತದ ಮಾತನ್ನೇ ಆಡುತ್ತಾನೆ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಣಿ ಬಿಗಿದಿದ್ದವರು ಓಡಲಾರದೆ ಸತ್ತರು. 28 ಜನ.

2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಕಾಯಿದೆ ಹಿತದ ಬದಲು ಅಪಾಯವನ್ನು ಕೇಳುತ್ತದೆ. ತನಗೆ ತಾನೇ ಹಾನಿ ಮಾಡಿಕೊಳ್ಳ ಹೊರಟಿದ್ದಾನೆಯೆ? ಇತರರ ಮೇಲೆ ಕೈಮಾಡಿದ್ದಾನೆಯೆ, ಅಥವಾ ಅಂಥ ಭಯ ಹುಟ್ಟಿಸಿದ್ದಾನೆಯೆ? ತನಗೇ ಹಾನಿಯಾಗುವ ಅಪಾಯವಿರುವಷ್ಟು ತನ್ನನ್ನು ನೋಡಿಕೊಳ್ಳಲಾರದೆ ಇದ್ದಾನೆಯೆ? ಇವುಗಳಲ್ಲಿ ಒಂದಾದರೂ ಇದೆಯೆಂದು ಇಬ್ಬರು, ಅವರಲ್ಲಿ ಒಬ್ಬರು ಮನೋವೈದ್ಯರು, ಬೇರೆಬೇರೆಯಾಗಿ ನೋಡಿ ಹೇಳಬೇಕು. ಅವಧಿ 30 ದಿನ. ಮುಂದುವರಿಸಬೇಕಾದರೆ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ಒಳಗಿರುವವನೇ ಮಂಡಳಿಗೆ ದೂರು ಕೊಡಬಹುದು. ಉಚಿತ ಕಾನೂನು ನೆರವು ಅವನ ಹಕ್ಕು. ಸರಪಣಿ ಯಾವ ರೂಪದಲ್ಲೂ ಕೂಡದು.

ಇದರಿಂದ ಕಷ್ಟವಾಗಿದೆ ಎನ್ನುವ ಮನೆಯವರ ಮಾತನ್ನೂ ತಳ್ಳಿಹಾಕಲಾರೆವು. ಮೂಲೆ ಹಿಡಿದು ಕೂತ ಮಗ ಯಾರಿಗೂ ಹೊಡೆಯುವುದಿಲ್ಲ, ಹಾಕಿದ್ದನ್ನು ಉಣ್ಣುತ್ತಾನೆ, ರೋಗ ಮಾತ್ರ ಬೆಳೆಯುತ್ತದೆ. ಶಿವಮೊಗ್ಗಕ್ಕೆ ಕರೆದೊಯ್ಯಲು ಒಂದು ದಿನದ ಕೂಲಿ ಹೋಗುತ್ತದೆ. ಆದರೆ ಇದಕ್ಕೆ ಪರಿಹಾರ ಬೀಗವಲ್ಲ, ಮದ್ದು ಹತ್ತಿರ ಬರುವುದು. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರನ್ನೇ ತಯಾರು ಮಾಡಿ ಈ ಚಿಕಿತ್ಸೆ ಕೊಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಅಗತ್ಯ ಔಷಧಿಗಳು ಸದಾ ಉಚಿತವಾಗಿ ಸಿಗಬೇಕೆಂದು ಈ ಕಾಯಿದೆಯೇ ಹೇಳುತ್ತದೆ. ಹೊಸನಗರದಲ್ಲಿ ಮದ್ದು ಇಲ್ಲವೆಂದರೆ ಆ ಮಾತನ್ನು ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ಕೆಲಸ. ನಾಳೆ ನಮಗೇ ಇಂಥ ಕಾಯಿಲೆ ಬಂದರೆ ನಮ್ಮ ಪರವಾಗಿ ನಿಲ್ಲುವವರು ಯಾರೆಂದು ಈಗಲೇ ಬಿಳಿ ಹಾಳೆಯಲ್ಲಿ ಬರೆದಿಡಬಹುದು. ಹೆಂಡತಿಯಾಗಲಿ, ಗೆಳೆಯನಾಗಲಿ, ಪ್ರಾಯಕ್ಕೆ ಬಂದವರಾಗಿದ್ದು ಒಪ್ಪಿದರೆ ಆಯಿತು. ಛಾಪಾ ಕಾಗದ ಬೇಡ; ಸಹಿ ಅಥವಾ ಹೆಬ್ಬೆಟ್ಟು ಸಾಕು. ಹಾಳೆಗಳನ್ನು ತಂದಿದ್ದೇವೆ, ಶಾಯಿಯೂ ಇದೆ. ಹೋಗುವ ಮುಂಚೆ ಮೇಜಿನ ಹತ್ತಿರ ಬನ್ನಿ.