ಅಂಗೈಗೆ ಬಂದ ಮಾಹಿತಿ, ಊರಿಗೆ ಬರಬೇಕಾದ ಹಕ್ಕು



ಅಂತರ್ಜಾಲವು ಹಳ್ಳಿಯ ಬದುಕನ್ನು ಹೇಗೆ ಮಾರ್ಪಡಿಸುತ್ತಿದೆ ಎಂಬುದನ್ನು ಅರಿಯಲು ಮಲೆನಾಡಿಗರು ಮಹಾನಗರಗಳತ್ತ ನೋಡಬೇಕಾಗಿಲ್ಲ. ಘಟ್ಟದ ಮೂಡಣ ಬಯಲಿನಲ್ಲಿರುವ ಹಲಗೇರಿಯತ್ತ ನೋಡಿದರೆ ಸಾಕು. ಹೊಲದ ಕಾಗದಪತ್ರಕ್ಕೆ ಆ ಊರಿಗೆ ರಾಣೆಬೆನ್ನೂರಿನ ತಾಲ್ಲೂಕು ಕಚೇರಿ. ಒಣಮೆಣಸಿನಕಾಯಿಗೆ ಬ್ಯಾಡಗಿಯ ಪೇಟೆ. ಕಳೆದ ಕಾಲು ಶತಮಾನದಲ್ಲಿ ಈ ಎರಡು ವ್ಯವಹಾರಗಳೂ ಗಣಕಯಂತ್ರದೊಳಗೆ ಸೇರಿವೆ.

ಮೊದಲು ಪಹಣಿಯ ವಿಚಾರ. ಹಿಂದೆ ಅದು ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕೀಕರಿಸಿತು. ಆಗ 15 ರೂಪಾಯಿಗೆ ಮುದ್ರಿತ ಪಹಣಿ ದೊರೆಯತೊಡಗಿತು. ಇಂದು ಮೊಬೈಲಿನಲ್ಲೇ ನೋಡಬಹುದು. ಗುಟ್ಟಾಗಿ ತಿದ್ದುವ ಅವಕಾಶ ಕುಗ್ಗಿದ್ದು ನಿಜವಾದ ಲಾಭವೇ. ಆದರೆ ಹೆಸರಿನಲ್ಲೋ ವಿಸ್ತೀರ್ಣದಲ್ಲೋ ತಪ್ಪಿದ್ದರೆ ಅದನ್ನು ಸರಿಪಡಿಸುವ ಅಧಿಕಾರ ಊರಿನಲ್ಲಿಲ್ಲ. ಅದಕ್ಕೆ ಅರ್ಜಿ ಸಲ್ಲಿಸಲೇಬೇಕು. ನೋಡುವುದು ಸುಲಭವಾಯಿತು, ತಿದ್ದಿಸುವುದು ಸುಲಭವಾಗಲಿಲ್ಲ.

ಎರಡನೆಯದು ಬ್ಯಾಡಗಿಯ ಪೇಟೆ. ಇ-ಟೆಂಡರ್ ಪದ್ಧತಿಯಲ್ಲಿ ರೈತನ ಚೀಲಗಳಿಗೆ ಲಾಟ್ ಸಂಖ್ಯೆ ಬೀಳುತ್ತದೆ. ವರ್ತಕರು ಕಾಯಿ ಪರೀಕ್ಷಿಸಿ ಗಣಕದಲ್ಲಿ ದರ ನಮೂದಿಸುತ್ತಾರೆ. ಅತಿ ಹೆಚ್ಚಿನ ದರ ಒಪ್ಪಿಗೆಯಾಗದಿದ್ದರೆ ಮಾರದಿರುವ ಹಕ್ಕು ರೈತನಿಗಿದೆ. ಕೈಸನ್ನೆಯ ಗುಟ್ಟಿನ ವ್ಯಾಪಾರಕ್ಕಿಂತ ಇದು ಮೇಲು. ಆದರೂ 2024ರ ಮಾರ್ಚ್ 11ರಂದು ಬೆಲೆ ಕುಸಿದಾಗ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ದಾಳಿ ಮಾಡಿದರು. ವಾಹನಗಳು ಬೆಂಕಿಗೆ ಆಹುತಿಯಾದವು. ದರ ಎಲ್ಲರಿಗೂ ಕಾಣುತ್ತಿತ್ತು. ಅದು ಹಾಗೇಕೆ ಬಿತ್ತೆಂದು ಕೇಳಿ ಉತ್ತರ ಪಡೆಯುವ ದಾರಿ ಕಾಣುತ್ತಿರಲಿಲ್ಲ. ಸಾಲ ಮಾಡಿ ಬೆಳೆದವನಿಗೆ ಚೀಲ ಹಿಂದಕ್ಕೊಯ್ಯುವ ಹಕ್ಕು ಬರೀ ಕಾಗದದ ಮೇಲಿನದು.

ಪರದೆಯ ಮೇಲಿನ ಅಂಕಿ ಇನ್ನೂ ಒಂದು ಸಂಗತಿಯನ್ನು ಹೇಳುವುದಿಲ್ಲ. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ, ಕಡ್ಡಿ ತಳಿಗಳನ್ನು ಬೀಜ ಕಾದಿಟ್ಟು ಉಳಿಸಿಕೊಂಡು ಬಂದವರ ಶ್ರಮ ಕ್ವಿಂಟಾಲಿನ ಲೆಕ್ಕದಲ್ಲಿ ಮೂಡದು.

ಇದು ಬಯಲಿನ ಕಥೆಯೆಂದು ಮಲೆನಾಡು ಸುಮ್ಮನಿರುವಂತಿಲ್ಲ. 2024ರ ಜುಲೈ 31ರಂದು ಕೇಂದ್ರ ಸರ್ಕಾರ ಪಶ್ಚಿಮಘಟ್ಟ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಅಧಿಸೂಚನೆ ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆಕ್ಷೇಪಣೆಗೆ ಇದ್ದದ್ದು 60 ದಿನ. ಕರಡು ಅಂತರ್ಜಾಲದಲ್ಲಿ ಯಾರಿಗೂ ಲಭ್ಯವಿತ್ತು. ಆದರೆ ತನ್ನ ಊರಿನ ಹೆಸರು ಅದರಲ್ಲಿದೆಯೇ, ಇದ್ದರೆ ಯಾವುದಕ್ಕೆ ತಡೆ, ಯಾವುದಕ್ಕೆ ಇಲ್ಲ ಎಂಬುದನ್ನು ಓದಿ ಅರಿಯದ ಹಳ್ಳಿಯನ್ನು ವದಂತಿಯೇ ಆಳುತ್ತದೆ. ಮೊಬೈಲ್ ವದಂತಿಯನ್ನೂ ಅಷ್ಟೇ ವೇಗದಲ್ಲಿ ತರುತ್ತದೆ.

ಆದುದರಿಂದ ವಿದ್ಯಾರ್ಥಿಗಳ ಮೇಲೊಂದು ಹೊಣೆಯಿದೆ. ತಿಂಗಳಿಗೊಮ್ಮೆ ಊರಿನ ಕಟ್ಟೆಯ ಮೇಲೆ ಪಹಣಿ, ಪೇಟೆಯ ದರ, ಸರ್ಕಾರದ ಅಧಿಸೂಚನೆಗಳನ್ನು ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಏಳುವ ಪ್ರಶ್ನೆಗಳನ್ನು ಬರೆದು ಗ್ರಾಮಸಭೆಯ ನಡಾವಳಿಗೆ ಸೇರಿಸಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿರಿ. ಒಬ್ಬೊಬ್ಬರೇ ಪರದೆ ನೋಡಿದರೆ ಸುದ್ದಿ ತಿಳಿದೀತು; ಹತ್ತು ಜನ ಕೂಡಿ ಓದಿದಾಗಲೇ ಅದು ಊರಿನ ಮಾತಾಗುತ್ತದೆ.