ಮನೆಯ ಹೆಣ್ಣು ಮೊಲಕ್ಕೆ ಗರ್ಭಕೋಶದ ಆಪರೇಷನ್



ಭತ್ತದ ಬೆಂಕಿರೋಗ, ದನಗಳ ಕಾಲುಬಾಯಿ ಜ್ವರ ಇವೆಲ್ಲ ಬಿಟ್ಟು ಈತ ಇವತ್ತು ಮೊಲದ ಮಾತು ತೆಗೆದನಲ್ಲ ಎಂದು ತಾವು ನಗಬಹುದು. ಆದರೆ ಮಕ್ಕಳ ಹಟಕ್ಕೆ ಸಂತೆಯಿಂದ ಒಂದು ಜೊತೆ ಬಿಳಿ ಮೊಲ ಕೊಂಡು ತರುವುದು ಈಗ ಹಳ್ಳಿಯ ಮನೆಗಳಲ್ಲಿಯೂ ಉಂಟು. "ಎರಡೂ ಹೆಣ್ಣೇ ಸ್ವಾಮಿ, ಜಗಳ ಆಡೋದಿಲ್ಲ" ಎಂದು ಮಾರುವವನು ಹೇಳಿರುತ್ತಾನೆ. ಅವನದು ಸುಳ್ಳೇ ಆಗಬೇಕೆಂದಿಲ್ಲ. ಎಳೆಯ ಮರಿಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ತಿಳಿಯುವುದು ಕಷ್ಟ. ಗಂಡಿನ ಬೀಜ ಕೆಳಗಿಳಿದು ಕಣ್ಣಿಗೆ ಕಾಣುವುದಕ್ಕೆ ಸುಮಾರು ಮೂರು ತಿಂಗಳು ಬೇಕು.

ಮೊಲ ನಾಲ್ಕರಿಂದ ಆರು ತಿಂಗಳೊಳಗೆ ಪ್ರಾಯಕ್ಕೆ ಬರುತ್ತದೆ. ಹಸುವಿಗೆ ಇರುವಂತೆ ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆ ಎಂಬ ಲೆಕ್ಕ ಇದಕ್ಕಿಲ್ಲ. ಗಂಡು ಕೂಡಿದ ಮೇಲೆಯೇ, ಹತ್ತು ಹನ್ನೆರಡು ಗಂಟೆಯೊಳಗೆ, ಒಳಗಿನ ಅಂಡ ಹೊರಬೀಳುತ್ತದೆ. ಆದಕಾರಣ ಗಂಡು ಜೊತೆಯಲ್ಲಿದ್ದರೆ ಗಬ್ಬ ನಿಂತಿತೆಂದೇ ತಿಳಿಯಿರಿ. ಗಬ್ಬದ ಅವಧಿ ಸುಮಾರು 31 ದಿನ. ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು. ಒಂದು ಸೂಲಿಗೆ ಆರು ಮರಿ ಹಿಡಿದರೂ ಸುಮಾರು ಎರಡು ತಿಂಗಳಲ್ಲಿ ಮನೆಯಲ್ಲಿ ಎರಡರ ಬದಲು ಹದಿನಾಲ್ಕು! ಹಿತ್ತಲ ಸೊಪ್ಪು ಸಾಲದು, ಗೂಡು ಸಾಲದು. ಕಡೆಗೆ ಯಾರೋ ಒಬ್ಬರು ಮಂಕರಿಯಲ್ಲಿ ಹೊತ್ತು ಹೊಲದ ಬದುವಿಗೆ ಬಿಟ್ಟು ಬರುತ್ತಾರೆ. ಸಾಕಿದ ಮೊಲಕ್ಕೆ ನಾಯಿಯನ್ನು ಕಂಡು ಓಡುವ ಅಭ್ಯಾಸವೂ ಇರುವುದಿಲ್ಲ. ಅದಕ್ಕೆ ಆ ರಾತ್ರಿ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಹೊಲದಲ್ಲಿ ನೆಗೆಯುವ ಕಂದು ಕಾಡುಮೊಲವೇ ಬೇರೆ ಜಾತಿ. ಅದರ ಮರಿಗೆ ಹುಟ್ಟುವಾಗಲೇ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ಸಾಕುಮೊಲದ ಮರಿ ಬೆತ್ತಲೆ, ಕುರುಡು. ಕಾಡುಮೊಲವನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ನಾನು ಈಗ ಹೇಳುತ್ತಿರುವುದು ಸಾಕುಮೊಲದ ಸಂಗತಿ ಮಾತ್ರ.

"ನಮ್ಮದು ಒಂದೇ ಹೆಣ್ಣು, ಗಂಡಿನ ಗಾಳಿಯೂ ಸೋಕಿಲ್ಲ, ಅದಕ್ಯಾಕೆ ಆಪರೇಷನ್ನು?" ಎಂದು ಹೋದ ಸಲ ಒಂದು ಊರಿನಲ್ಲಿ ಒಬ್ಬ ತಾಯಿ ಕೇಳಿದರು. ಈ ಪ್ರಶ್ನೆಯೇ ಮುಖ್ಯವಾದದ್ದು. ಮಾಂಸಕ್ಕಾಗಿ ಮೊಲ ಸಾಕುವ ಶೆಡ್ಡಿನಲ್ಲಿ ಹೆಣ್ಣನ್ನು ಎರಡು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದು ಅಪರೂಪ. ಮನೆಯ ಮೊಲವಾದರೋ ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬಾಳುತ್ತದೆ. ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಕೆಲವು ತಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊಲಗಳಿಗೆ ಅದು ಬಂದದ್ದನ್ನು ಸಂಶೋಧಕರು ಕಂಡಿದ್ದಾರೆ. ಅಲ್ಲಿಂದ ಶ್ವಾಸಕೋಶಕ್ಕೂ ಹಬ್ಬುತ್ತದೆ. ಒಂದು ಸೂಲು ಮರಿ ಹಾಕಿಸಿದರೆ ಈ ರೋಗ ಬಾರದು ಎಂಬ ನಂಬಿಕೆಗೆ ಆಧಾರವಿಲ್ಲ. ಮರಿ ಹಾಕಿದ್ದಕ್ಕೂ ಬರುತ್ತದೆ, ಹಾಕದ್ದಕ್ಕೂ ಬರುತ್ತದೆ.

ಒಂಟಿ ಹೆಣ್ಣಿಗೆ ಸುಳ್ಳು ಗಬ್ಬವೂ ಉಂಟಾಗುತ್ತದೆ. ಎದೆಯ ಕೂದಲು ಕಿತ್ತು ಗೂಡಿಗೆ ಹಾಸುತ್ತದೆ, ಬಾಯಲ್ಲಿ ಹುಲ್ಲು ಕಚ್ಚಿಕೊಂಡು ತಿರುಗುತ್ತದೆ, ಮುಟ್ಟಲು ಹೋದರೆ ಗುರುಗುಟ್ಟಿ ಕಚ್ಚುತ್ತದೆ. ಹದಿನಾರು ಹದಿನೆಂಟು ದಿನ ಹೀಗಿದ್ದು ಸರಿಹೋಗುತ್ತದೆ. ದೆವ್ವವೂ ಅಲ್ಲ, ದೃಷ್ಟಿಯೂ ಅಲ್ಲ.

ಮರಿ ಮಾರುವ ಉದ್ದೇಶವಿದ್ದವರು ಈ ಆಪರೇಷನ್ ಮಾಡಿಸಬೇಡಿ. ಮನೆಯಲ್ಲಿ ಪ್ರೀತಿಗಾಗಿ ಇಟ್ಟುಕೊಂಡವರು ಆರನೆಯ ತಿಂಗಳು ತುಂಬುತ್ತಲೇ ಮಾಡಿಸುವುದು ಮೇಲು. ಎರಡು ವರ್ಷದೊಳಗೆ ಮುಗಿದರೆ ಒಳ್ಳೆಯದು. ವಯಸ್ಸಾದ ಮೊಲವಾದರೆ ಮೊದಲು ಪಶುವೈದ್ಯರಿಗೆ ತೋರಿಸಿ, ಅವರ ಮಾತಿನಂತೆ ನಡೆಯಿರಿ. ಮೂತ್ರ ಕೆಂಪಾಗಿ ಕಂಡರೆ ಅದು ತಿಂದ ಸೊಪ್ಪಿನ ಬಣ್ಣವೂ ಇರಬಹುದು, ಗರ್ಭಕೋಶದ ರಕ್ತವೂ ಇರಬಹುದು. ಪರೀಕ್ಷೆ ಮಾಡಿಸದೆ ಹೇಳಲಾಗದು.

ಜೋಡಿ ಇದ್ದು ಒಂದಕ್ಕೆ ಮಾತ್ರ ಹಣ ಒದಗುವುದಾದರೆ ಯಾವುದಕ್ಕೆ ಮಾಡಿಸಬೇಕು? ಎತ್ತಿಗೆ ಬೀಜ ಒಡೆಸುವುದು ನಿಮಗೆ ತಿಳಿದ ಕೆಲಸ. ಗಂಡು ಮೊಲಕ್ಕೂ ಬೀಜ ತೆಗೆಸಬಹುದು, ಅದು ಸಣ್ಣ ಕೆಲಸ, ಖರ್ಚೂ ಕಡಿಮೆ. ಆದರೆ ಆಮೇಲೂ ಆರು ವಾರದ ತನಕ ಅದನ್ನು ಹೆಣ್ಣಿನಿಂದ ದೂರವಿಡಬೇಕು, ಒಳಗೆ ಉಳಿದ ವೀರ್ಯದಿಂದ ಗಬ್ಬ ನಿಲ್ಲಬಹುದು. ಹೆಣ್ಣಿಗೆ ಅಂಡಾಶಯ, ಗರ್ಭಕೋಶ ಎರಡನ್ನೂ ಹೊಟ್ಟೆ ಕೊಯ್ದು ತೆಗೆಯಬೇಕು. ಇದು ದೊಡ್ಡ ಕೆಲಸವೇ. ಆದರೂ ನನ್ನ ಅಭಿಪ್ರಾಯ ಕೇಳಿದರೆ ಹೆಣ್ಣಿಗೇ ಮಾಡಿಸಿ. ಮರಿಯೂ ನಿಲ್ಲುತ್ತದೆ, ಅದರ ಜೀವವೂ ಉಳಿಯುತ್ತದೆ.

ಅಪಾಯವಿಲ್ಲವೇ ಎಂದರೆ, ಇದೆ. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಆರೋಗ್ಯವಂತ ಮೊಲಗಳಿಗೆ ಅರಿವಳಿಕೆ ಕೊಟ್ಟಾಗ ಸಾವಿರಕ್ಕೆ ಸುಮಾರು ಏಳು ಸತ್ತಿದ್ದವು. ನಾಯಿ, ಬೆಕ್ಕಿಗಿಂತ ಇದು ಹೆಚ್ಚು. ಆದ್ದರಿಂದ ಮೊಲಕ್ಕೆ ಆಪರೇಷನ್ ಮಾಡಿ ರೂಢಿಯಿರುವ ಡಾಕ್ಟರನ್ನೇ ಹುಡುಕಬೇಕು. "ಮೊಲಕ್ಕೆ ಮಾಡಿದ್ದೀರಾ ಸಾರ್? ನೋವಿನ ಇಂಜೆಕ್ಷನ್ ಕೊಡ್ತೀರಾ? ಖರ್ಚು ಎಷ್ಟಾಗುತ್ತೆ?" ಎಂದು ಮೊದಲೇ ಕೇಳಿ. ಕೇಳಿದರೆ ಮರ್ಯಾದೆಗೆ ಕೊರತೆಯಿಲ್ಲ. ದನ ಕುರಿಯಲ್ಲಿ ಪಳಗಿದವರು ಮೊಲ ಮುಟ್ಟದೇ ಇರಬಹುದು, ಅದು ಅವರ ತಪ್ಪಲ್ಲ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್ ಇಲ್ಲಿಯ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ವಿಚಾರಿಸಿ.

ಇನ್ನು ನೀವು ಮಾಡಬೇಕಾದ್ದು. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ.

ಆಪರೇಷನ್ ಎಂದರೆ ಹಿಂದಿನ ರಾತ್ರಿಯಿಂದ ಉಪವಾಸ ಎಂಬುದು ಎಲ್ಲರ ಮನಸ್ಸಿನಲ್ಲಿದೆ. ನಾಯಿಗೂ ಹಾಗೆ, ಮನುಷ್ಯನಿಗೂ ಹಾಗೆ. ಮೊಲಕ್ಕೆ ಮಾತ್ರ ಹಾಗಲ್ಲ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ಹೊಟ್ಟೆ ಬರಿದು ಮಾಡುವ ಅಗತ್ಯವಿಲ್ಲ. ಬದಲಿಗೆ ಅದರ ಕರುಳು ಹಗಲೂ ರಾತ್ರಿ ಹುಲ್ಲು ಅರೆಯುತ್ತಲೇ ಇರಬೇಕು. ನಿಂತಿತೋ, ಹೊಟ್ಟೆ ಉಬ್ಬಿ ಪ್ರಾಣಕ್ಕೆ ಬರುತ್ತದೆ. ಹೊರಡುವ ತನಕ ಗರಿಕೆ ಹುಲ್ಲು, ನೀರು ಮುಂದಿರಲಿ. ಅದು ದಿನಾ ಇಷ್ಟಪಟ್ಟು ತಿನ್ನುವ ಸೊಪ್ಪು, ಕೊತ್ತಂಬರಿಯೋ ಕುದುರೆ ಮಸಾಲೆಯೋ, ಒಂದು ಹಿಡಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಎಚ್ಚರವಾದ ಮೇಲೆ ಆಸ್ಪತ್ರೆಯ ಹುಲ್ಲು ಮೂಸದಿದ್ದರೂ ಮನೆಯ ಸೊಪ್ಪಿಗೆ ಬಾಯಿ ಹಾಕುತ್ತದೆ.

ಕಿವಿ ಹಿಡಿದು ಎತ್ತಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಆಸರೆ. ಗಾಬರಿಯಿಂದ ಒದ್ದುಕೊಂಡರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುವ ಪ್ರಾಣಿ ಇದು. ಮುಚ್ಚಳವಿರುವ ಬುಟ್ಟಿಯಲ್ಲಿ ಗೋಣಿತಾಟು ಹಾಸಿ, ಬಿಸಿಲೇರುವ ಮುನ್ನ ಕರೆದೊಯ್ಯಿರಿ. ಬೇಸಿಗೆಯ ಮಧ್ಯಾಹ್ನದ ಬಸ್ಸಿನಲ್ಲಿ ಆಪರೇಷನ್ನಿಗೆ ಮೊದಲೇ ಸತ್ತೀತು. ಸಾಧ್ಯವಾದರೆ ಈ ಕೆಲಸವನ್ನು ಚಳಿಗಾಲಕ್ಕೇ ಇಟ್ಟುಕೊಳ್ಳಿ.

ಮನೆಗೆ ತಂದ ರಾತ್ರಿ ಯಾರಾದರೂ ಒಬ್ಬರು ನೋಡಿಕೊಳ್ಳಬೇಕು. ಗಾಳಿ ಹೊಡೆಯದ ಮೂಲೆಯಲ್ಲಿ, ಒಗೆದ ಹತ್ತಿಬಟ್ಟೆಯ ಮೇಲೆ, ಬೇರೆ ಮೊಲಗಳಿಂದ ಅಗಲಿಸಿ ಮಲಗಿಸಿ. ಸೌದೆಪುಡಿ, ಹೊಟ್ಟು ಹಾಸಿದರೆ ಗಾಯಕ್ಕೆ ಅಂಟುತ್ತದೆ. ನೋಡಬೇಕಾದ್ದು ಎರಡೇ: ತಿಂದಿತೇ? ಹಿಕ್ಕೆ ಹಾಕಿತೇ? ಹನ್ನೆರಡು ಗಂಟೆಯೊಳಗೆ ಒಂದೆರಡು ಎಲೆಯನ್ನಾದರೂ ತಿನ್ನಬೇಕು. ತಿನ್ನದೆ ಮುದುರಿ ಕುಳಿತು ಹಲ್ಲು ಕಡಿಯುತ್ತಿದ್ದರೆ ಅದು ನೋವಿನ ಗುರುತು. ಕೂಡಲೇ ಡಾಕ್ಟರಿಗೆ ಫೋನು ಮಾಡಿ, "ನಾಳೆ ಸರಿಹೋದೀತು" ಎನ್ನಬೇಡಿ. ಮೊಲ ತನ್ನ ನೋವನ್ನು ಕೂಗಿ ಹೇಳುವುದಿಲ್ಲ. ಕೂಗದು ಎಂದು ನಾವು ಸುಮ್ಮನಿದ್ದರೆ ಆಯಿತಲ್ಲ ಅದರ ಗತಿ!

ಗಾಯಕ್ಕೆ ಅರಿಶಿನ, ಬೂದಿ, ಸೀಮೆಎಣ್ಣೆ ಯಾವುದೂ ಬೇಡ. ಸ್ನಾನ ಬೇಡವೇ ಬೇಡ. ಮನೆಯಲ್ಲಿ ಉಳಿದ ಮಾತ್ರೆಯನ್ನು ನೀವಾಗಿಯೇ ಕೊಡುವುದಂತೂ ಕೂಡದು. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಔಷಧಿ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ಭೇದಿಯಾಗಿ ಮೊಲವೇ ಸಾಯಬಹುದು. ಮಗುವಿಗೆ ಗುಣ ಕೊಟ್ಟ ಮಾತ್ರೆ ಮೊಲಕ್ಕೆ ವಿಷವಾಗುವುದು ಹೀಗೆ.

ಹೊಲಿಗೆಯನ್ನು ದಿನಕ್ಕೆರಡು ಸಲ ನೋಡಿ. ಊತ, ಕೀವು, ಹೊಲಿಗೆ ಕಚ್ಚಿ ಬಿಚ್ಚಿದ್ದು ಕಂಡರೆ ಆಸ್ಪತ್ರೆಗೆ ಒಯ್ಯಿರಿ. ಕರಗುವ ದಾರವಲ್ಲದಿದ್ದರೆ ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿಸಬೇಕು, ಯಾವ ದಾರ ಎಂದು ಅವತ್ತೇ ಕೇಳಿಕೊಂಡು ಬನ್ನಿ. ಗಂಡಿನ ಹತ್ತಿರ ಬಿಡುವುದು ಎರಡು ವಾರ ಕಳೆದು ಗಾಯ ಪೂರ್ತಿ ಮಾಯ್ದ ಮೇಲೆ. ಮಕ್ಕಳಿಗೂ ಅಲ್ಲಿಯ ತನಕ ಎತ್ತಿ ಆಡಿಸಬೇಡಿರೆಂದು ಹೇಳಿ, ಪಕ್ಕದಲ್ಲಿ ಕೂತು ಹುಲ್ಲು ತಿನ್ನಿಸಲಿ. ಆಪರೇಷನ್ ಆದ ಮೊಲ ಬೇಗ ಕೊಬ್ಬುತ್ತದೆ. ಅನ್ನ, ಬಿಸ್ಕತ್ತು ಕೊಡುವ ಅಭ್ಯಾಸವಿದ್ದರೆ ಆ ದಿನದಿಂದಲೇ ನಿಲ್ಲಿಸಿ, ಹುಲ್ಲು ಮಾತ್ರ ಬೇಕಾದಷ್ಟು ಹಾಕಿ.