‘ಕಾರಣ ಕೊಡಿ’
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ಹತ್ತನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ತಂತಿಯ ಸುರುಳಿಯೊಳಗೆ ಅಯಸ್ಕಾಂತ ಆಡಿಸಿ, ಗ್ಯಾಲ್ವನೋಮೀಟರಿನ ಮುಳ್ಳು ಅಲುಗಾಡಿದ್ದನ್ನು ತೋರಿಸಿದ್ದರು. 1831ರಲ್ಲಿ ಫ್ಯಾರಡೆ ಕಂಡದ್ದು ಅದನ್ನೇ. ಪೇಟೆಂಟ್ ಅರ್ಜಿ ಬರೆಯುವ ನನಗೆ ಆ ಮುಳ್ಳು ಇಂದಿಗೂ ಅನ್ನ ಕೊಡುತ್ತಿದೆ.

ತೈಲಬಾವಿ ಕೊರೆಯುವ ಕೊಳವೆ ಸುಮಾರು 30 ಅಡಿ. ನಮ್ಮ ಬೋರ್‌ವೆಲ್ ರಾಡಿನಂತೆ ಒಂದಕ್ಕೊಂದು ತಿರುಪಿ ಸಾವಿರಾರು ಅಡಿ ಇಳಿಸುತ್ತಾರೆ. ತಳದ ಸುದ್ದಿಯನ್ನು ಕೆಸರಿನ ಒತ್ತಡದ ಮಿಡಿತದಲ್ಲಿ ಕಳಿಸಿದರೆ ಬಹಳ ನಿಧಾನ. ತಂತಿ ಎಳೆದರೆ ನೂರಾರು ಜೋಡಣೆಗಳಲ್ಲಿ ಕೆಸರು, ಗ್ರೀಸು ಸೇರಿ ಸಂಪರ್ಕ ಕೆಡುತ್ತದೆ. ಆದ್ದರಿಂದ ಕೊಳವೆಯ ಎರಡೂ ತುದಿಗೆ ಸುರುಳಿ ಕೂರಿಸುತ್ತಾರೆ. ತಿರುಪಿದಾಗ ಅವು ಎದುರುಬದುರಾಗುತ್ತವೆ. ತಂತಿಗೆ ತಂತಿ ತಾಗದೆಯೇ ಕಾಂತಕ್ಷೇತ್ರದ ಮೂಲಕ ಸಂಕೇತ ದಾಟುತ್ತದೆ.

ಇಂಥ ಜೋಡಣೆಯ ಪೇಟೆಂಟ್ ಯುರೋಪಿನ ಮೇಲ್ಮನವಿ ಮಂಡಳಿಗೆ ಹೋದರೆ ಪ್ರಶ್ನೆ ನೇರ: ಹತ್ತಿರದ ಹಳೆಯ ದಾಖಲೆಗಿಂತ ಇದರಲ್ಲಿ ಬೇರೆ ಏನಿದೆ? ಅದು ಯಾವ ತೊಡಕು ಬಿಡಿಸಿತು? ಕಸುಬು ಬಲ್ಲವನಿಗೆ ಅದು ತಾನಾಗಿ ಹೊಳೆಯುತ್ತಿತ್ತೇ? ಹೊಳೆಯುತ್ತಿತ್ತು ಎಂದಾದರೆ ಪೇಟೆಂಟ್ ಇಲ್ಲ. ನಮ್ಮ 1970ರ ಕಾಯ್ದೆಯ ಪರೀಕ್ಷೆಯೂ ಹೆಚ್ಚುಕಡಿಮೆ ಇದೇ.

ನಾನು ಬರೆದ ಅರ್ಜಿಯೊಂದು ಹೀಗೆಯೇ ಸೋತಿತು. ಸುರುಳಿ ಎಲ್ಲಿದೆ ಎಂದು ಬರೆದಿದ್ದೆ. ಅಲ್ಲೇ ಏಕೆ ಎಂದು ಬರೆದಿರಲಿಲ್ಲ. ಮೇಲ್ಮನವಿಯಲ್ಲಿ ಹೊಸದಾಗಿ ಸೇರಿಸಲು ಬರುವುದಿಲ್ಲ. ಯಾರದೋ ವರ್ಷಗಳ ದುಡಿಮೆ ನನ್ನ ಒಂದು ವಾಕ್ಯದ ಕೊರತೆಯಿಂದ ಹೋಯಿತು. ಆ ರಾತ್ರಿ, ನನ್ನ ಉತ್ತರಪತ್ರಿಕೆಯ ಮೇಲೆ ಮೇಷ್ಟ್ರು ಕೆಂಪು ಮಸಿಯಲ್ಲಿ ಬರೆಯುತ್ತಿದ್ದ ‘ಕಾರಣ ಕೊಡಿ’ ನೆನಪಾಯಿತು.

ಮಕ್ಕಳೇ, ಕಾರಣ ಬರೆಯಿರಿ. ಗೆಳೆಯರೇ, ಆ ಪ್ರಯೋಗಾಲಯದ ಬಾಗಿಲು ಮುಚ್ಚದಂತೆ ನೋಡಿಕೊಳ್ಳೋಣ.